ಒಂದು ತಿದ್ದುಪಡಿಯ ಪರಿಶೀಲನೆ

ಹಳಗನ್ನಡದ ಕಾವ್ಯವೊಂದನ್ನು ಅಚ್ಚಿಗೆ ಸಿದ್ಧಪಡಿಸುವ ಸಂಪಾದಕರು ಅದರ ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ನೋಡುವರೆಂಬುದು ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ಮಿತ್ರರಿಗೆಲ್ಲ ತಿಳಿದ ಸಂಗತಿ. ಒಂದು ಪ್ರತಿಯಲ್ಲಿರುವ ಮಾತು ಮತ್ತೊಂದರಲ್ಲಿ ಇಲ್ಲದಿದ್ದರೆ, ಇಲ್ಲವೆ ಬೇರೆಯಾಗಿದ್ದರೆ, ಅದನ್ನು ಪುಟದ ಅಡಿಯಲ್ಲಿ ಪಾಠಾಂತರವೆಂದು ಕಾಣಿಸುತ್ತಾರೆ. ಈ ಶಾಸ್ತ್ರದ ಬಗೆಗೆ ಡಿ. ಎಲ್. ನರಸಿಂಹಾಚಾರ್ಯರು 'ಕನ್ನಡ ಗ್ರಂಥಸಂಪಾದನೆ' ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಇದೇ ಬಗೆಯ ಕೆಲಸ ಕಂಪ್ಯೂಟರಿನ ಲೋಕದಲ್ಲಿಯೂ ಹಗಲಿರುಳು ನಡೆಯುತ್ತಿರುತ್ತದೆ. ಅಲ್ಲಿ ಹೋಲಿಸುವುದು ಯಂತ್ರ. ಆದರೆ ಹೋಲಿಕೆಯ ಫಲವನ್ನು ಓದಿ, ಒಪ್ಪಬಹುದು ಅಥವಾ ಒಪ್ಪಲಾಗದು ಎಂದು ಹೇಳಬೇಕಾದವನು ಮನುಷ್ಯನೇ. ಆ ಓದುವಿಕೆಗೆ ನೆರವಾಗುವ ಸಾಧನದಲ್ಲಿಯೇ ದೋಷವಿದ್ದರೆ ಏನಾದೀತು, ಆ ದೋಷಕ್ಕೆ ಯಾರಾದರೂ ಒಂದು ತಿದ್ದುಪಡಿಯನ್ನು ತಂದಾಗ ಅದನ್ನು ಹೇಗೆ ಪರಿಶೀಲಿಸಬೇಕು ಎಂಬುದೇ ಈ ಲೇಖನದ ವಿಷಯ. ಕಲಾ ವಿಭಾಗದ ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಇದರಲ್ಲಿ ಬೇಕಾಗುವುದು ಗಣಿತಕ್ಕಿಂತ ಹೆಚ್ಚಾಗಿ ಎಚ್ಚರದ ಓದು. ಅದು ನಮ್ಮ ವಿಭಾಗದ ಸ್ವತ್ತೇ ಅಲ್ಲವೆ?

ಎರಡು ಕಡತಗಳನ್ನು ಹೋಲಿಸಿ ವ್ಯತ್ಯಾಸಗಳನ್ನು ಮಾತ್ರ ತೋರಿಸುವ ಪ್ರೋಗ್ರಾಮಿಗೆ ಡಿಫ್ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಗ್ಲಸ್ ಮೆಕಿಲ್‌ರಾಯ್ ಎಂಬವರು ಇದನ್ನು ಬರೆದರು. 1974ರಲ್ಲಿ ಯೂನಿಕ್ಸಿನ ಐದನೆಯ ಆವೃತ್ತಿಯೊಡನೆ ಅದು ಹೊರಬಂದಿತು. 1985ರಲ್ಲಿ ಲ್ಯಾರಿ ವಾಲ್ ಅದಕ್ಕೆ ಜೋಡಿಯಾಗುವಂತೆ ಪ್ಯಾಚ್ ಎಂಬ ಪ್ರೋಗ್ರಾಮನ್ನು ಬರೆದರು. ಡಿಫ್ ಬರೆದುಕೊಟ್ಟ ವ್ಯತ್ಯಾಸದ ಪಟ್ಟಿಯನ್ನು ಓದಿ, ಹಳೆಯ ಕಡತವನ್ನು ಹೊಸದಾಗಿ ಮಾಡುವುದು ಪ್ಯಾಚಿನ ಕೆಲಸ. ಇಡೀ ಕಡತವನ್ನು ಕಳುಹಿಸುವ ಬದಲು ವ್ಯತ್ಯಾಸವನ್ನಷ್ಟೇ ಕಳುಹಿಸಿದರೆ ಸಾಕಾಯಿತು. ಇಂದು ಹೆಚ್ಚು ಬಳಕೆಯಲ್ಲಿರುವ ಬರಹದ ರೂಪ 1990ರಲ್ಲಿ ವೇಯ್ನ್ ಡೇವಿಸನ್ ಎಂಬವರು ರೂಪಿಸಿದ್ದು. ಅದಕ್ಕೆ ಏಕೀಕೃತ ಡಿಫ್ ಎಂದು ಹೇಳಬಹುದು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಎಂಬ ಆವೃತ್ತಿ ನಿಯಂತ್ರಣ ಸಾಧನವನ್ನು ಪ್ರಾರಂಭಿಸಿದಾಗ ಅದೂ ಈ ರೂಪವನ್ನೇ ಅನುಸರಿಸಿತು. ಆವೃತ್ತಿ ನಿಯಂತ್ರಣವೆಂದರೆ ಕಡತವೊಂದನ್ನು ಯಾರು, ಯಾವಾಗ, ಹೇಗೆ ಬದಲಾಯಿಸಿದರೆಂಬ ದಾಖಲೆಯನ್ನು ಇಡುವ ವ್ಯವಸ್ಥೆ.

ಡಿಫ್ ಹೇಗಿರುತ್ತದೆಂಬುದನ್ನು ಕಣ್ಣಾರೆ ಕಂಡರೇ ತಿಳಿಯುವುದು ಸುಲಭ. ವಿದ್ಯಾರ್ಥಿನಿಲಯದ ಅಡಿಗೆಮನೆಯ ಸಾಮಾನಿನ ಲೆಕ್ಕ 'ಪಟ್ಟಿ' ಎಂಬ ಕಡತದಲ್ಲಿದೆ ಎಂದುಕೊಳ್ಳೋಣ. ಬೇಳೆಯ ತೂಕವನ್ನು ಯಾರೋ 8ರಿಂದ 10ಕ್ಕೆ ಏರಿಸಿದರು. ಆಗ ಡಿಫ್ ಹೀಗೆ ಬರೆಯುತ್ತದೆ:

--- ಎ/ಪಟ್ಟಿ
+++ ಬಿ/ಪಟ್ಟಿ
@@ -1,4 +1,4 @@
 ಅಕ್ಕಿ 40 ಕಿಲೋ
-ಬೇಳೆ 8 ಕಿಲೋ
+ಬೇಳೆ 10 ಕಿಲೋ
 ಉಪ್ಪು 2 ಕಿಲೋ
 ಬೆಲ್ಲ 3 ಕಿಲೋ

ಮೊದಲ ಎರಡು ಸಾಲುಗಳು ತಲೆಬರಹ: ಮೂರು ಕಳೆಯುವ ಗುರುತುಗಳ ಮುಂದೆ ಹಳೆಯ ಕಡತದ ಹೆಸರು, ಮೂರು ಕೂಡುವ ಗುರುತುಗಳ ಮುಂದೆ ಹೊಸ ಕಡತದ ಹೆಸರು. ಮೂರನೆಯ ಸಾಲಿನಿಂದ ಹಂಕ್ ಎಂಬ ತುಂಡು ಆರಂಭವಾಗುತ್ತದೆ. ಹಳೆಯ ಕಡತದ 1ನೆಯ ಸಾಲಿನಿಂದ 4 ಸಾಲುಗಳು, ಹೊಸ ಕಡತದ 1ನೆಯ ಸಾಲಿನಿಂದ 4 ಸಾಲುಗಳು ಈ ತುಂಡಿನಲ್ಲಿವೆ ಎಂದು ಅದು ಮುಂಚಿತವಾಗಿಯೇ ಸಾರುತ್ತದೆ. ಅನಂತರದ ಪ್ರತಿ ಸಾಲಿನ ಮೊದಲ ಗುರುತು ಮುಖ್ಯ. ಖಾಲಿ ಜಾಗವಿದ್ದರೆ ಬದಲಾಗದ ಸಾಲು, ಕಳೆಯುವ ಗುರುತಿದ್ದರೆ ಹೋದ ಸಾಲು, ಕೂಡುವ ಗುರುತಿದ್ದರೆ ಬಂದ ಸಾಲು. ಈ ಬರಹವನ್ನು ಓದಿ ಯಾವುದು ತಲೆಬರಹ, ಯಾವುದು ಒಡಲು ಎಂದು ಬಿಡಿಸಿ ಹೇಳುವ ಪ್ರೋಗ್ರಾಮಿನ ಭಾಗಕ್ಕೆ ಪಾರ್ಸರು ಎನ್ನುತ್ತಾರೆ. ಪದ್ಯಕ್ಕೆ ಪದವಿಭಾಗ ಮಾಡಿ ಅನ್ವಯ ಹೇಳುವ ಪಂಡಿತರ ಕೆಲಸಕ್ಕೆ ಇದನ್ನು ಹೋಲಿಸಿದರೆ ತಪ್ಪಾಗಲಾರದು.

ಈಗ ದೋಷಕ್ಕೆ ಬರೋಣ. ಪಟ್ಟಿಯ ನಡುವೆ '-- ಅಂಗಡಿಗೆ ಬಾಕಿ 600 ರೂಪಾಯಿ' ಎಂಬ ಟಿಪ್ಪಣಿ ಇದ್ದಿತೆನ್ನಿ. ಎರಡು ಗೀಟೆಳೆದು ಟಿಪ್ಪಣಿ ಬರೆಯುವುದು ಎಷ್ಟೋ ಜನರ ರೂಢಿ. ಯಾರೋ ಒಬ್ಬರು ಬೆಲ್ಲದ ತೂಕವನ್ನು ಬದಲಾಯಿಸುವಾಗ ಈ ಟಿಪ್ಪಣಿಯನ್ನೂ ತೆಗೆದುಹಾಕಿದರು. ಡಿಫ್ ಹೀಗಾಗುತ್ತದೆ:

@@ -1,5 +1,4 @@
 ಅಕ್ಕಿ 40 ಕಿಲೋ
 ಬೇಳೆ 10 ಕಿಲೋ
--- ಅಂಗಡಿಗೆ ಬಾಕಿ 600 ರೂಪಾಯಿ
 ಉಪ್ಪು 2 ಕಿಲೋ
-ಬೆಲ್ಲ 3 ಕಿಲೋ
+ಬೆಲ್ಲ 5 ಕಿಲೋ

ನಡುವಣ ಸಾಲನ್ನು ನೋಡಿರಿ. ಟಿಪ್ಪಣಿಯ ಎರಡು ಗೀಟುಗಳ ಹಿಂದೆ, 'ಹೋದ ಸಾಲು' ಎಂಬುದರ ಒಂದು ಗೀಟು ಸೇರಿ ಮೂರಾಯಿತು. ಕಡತದ ತಲೆಬರಹಕ್ಕೂ ಇದಕ್ಕೂ ಮೇಲ್ನೋಟಕ್ಕೆ ಏನೂ ಅಂತರವಿಲ್ಲ. ಸಾಲಿನ ಮೋರೆಯನ್ನು ನೋಡಿ ಜಾತಿ ಹೇಳುವ ಪಾರ್ಸರು ಇಲ್ಲಿ ಹೊಸ ಕಡತವೊಂದು ಪ್ರಾರಂಭವಾಯಿತೆಂದೂ, ಅದರ ಹೆಸರು 'ಅಂಗಡಿಗೆ ಬಾಕಿ 600 ರೂಪಾಯಿ' ಎಂದೂ ತಿಳಿದುಬಿಡುತ್ತದೆ! ಮುಂದಿನ ಸಾಲುಗಳು ಯಾವ ತುಂಡಿಗೂ ಸೇರದೆ ಅನಾಥವಾಗುತ್ತವೆ. ಕೆಲವು ಪಾರ್ಸರುಗಳು ಅಷ್ಟಕ್ಕೇ ಕೂಗಿಕೊಂಡು ನಿಲ್ಲುತ್ತವೆ, ಅದು ಒಳ್ಳೆಯದೇ. ಆದರೆ ಅನಾಥ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುವ ಪಾರ್ಸರಿನ ವಿಷಯವನ್ನು ಯೋಚಿಸಿರಿ. ಪರಿಶೀಲಿಸುವವರ ತೆರೆಯ ಮೇಲೆ ಬಾಕಿಯ ಸಾಲು ಹೋದದ್ದೂ ಕಾಣದು, ಬೆಲ್ಲ ಬದಲಾದದ್ದೂ ಕಾಣದು. ಕಾಣದ್ದನ್ನು ಅವರು ಒಪ್ಪಿ ಸಹಿ ಹಾಕುತ್ತಾರೆ. ಅಂಗಡಿಯವನ 600 ರೂಪಾಯಿ ದಾಖಲೆಯಿಂದ ಮಾಯವಾಯಿತು. ಯಾರೂ ಮೋಸ ಮಾಡಲಿಲ್ಲ.

ಇದು ಕೇವಲ ಕಲ್ಪನೆಯ ತೊಡಕಲ್ಲ. ಎಸ್‌ಕ್ಯೂಎಲ್, ಲುವಾ, ಹ್ಯಾಸ್ಕೆಲ್, ಅಡಾ ಎಂಬ ಪ್ರೋಗ್ರಾಮಿನ ಭಾಷೆಗಳಲ್ಲಿ ಟಿಪ್ಪಣಿ ಪ್ರಾರಂಭವಾಗುವುದು ಎರಡು ಗೀಟುಗಳಿಂದಲೇ. ಆ ಭಾಷೆಗಳಲ್ಲಿ ಬರೆಯುವವರು ಸಾಲಿನ ಮೊದಲಿಗೇ ಇರುವ ಟಿಪ್ಪಣಿಯೊಂದನ್ನು ಅಳಿಸಿದಾಗ ಇಂತಹ ಸಾಲು ಹುಟ್ಟಬಹುದು.

ಈ ದೋಷಕ್ಕೆ ಒಬ್ಬರು ತಿದ್ದುಪಡಿ ತಂದರೆನ್ನೋಣ. ಅತ್ಯಂತ ಸುಲಭವಾಗಿ ಹೊಳೆಯುವ ತಿದ್ದುಪಡಿ ಯಾವುದು? 'ಮೂರು ಗೀಟಿನ ಸಾಲಿನ ಮರುಸಾಲು ಮೂರು ಕೂಡುವ ಗುರುತಿನಿಂದ ಮೊದಲಾದರೆ ಮಾತ್ರ ಅದನ್ನು ತಲೆಬರಹವೆಂದು ಎಣಿಸು' ಎಂಬುದು. ನಮ್ಮ ಪಟ್ಟಿಗೆ ಇದನ್ನು ಹಚ್ಚಿ ನೋಡಿದರೆ ಸರಿಯಾಗಿಯೇ ನಡೆಯುತ್ತದೆ. ಬಾಕಿಯ ಸಾಲಿನ ಮುಂದೆ ಉಪ್ಪು ಇದೆ, ಕೂಡುವ ಗುರುತಿಲ್ಲ; ಆದ್ದರಿಂದ ಅದು ತಲೆಬರಹವಲ್ಲ. ದೋಷ ವರದಿ ಮಾಡಿದವರಿಗೆ ತೃಪ್ತಿ, ತಿದ್ದಿದವರಿಗೆ ತೃಪ್ತಿ. ಪರಿಶೀಲಕನ ಕೆಲಸ ನಿಜವಾಗಿ ಪ್ರಾರಂಭವಾಗುವುದು ಈ ಎರಡು ತೃಪ್ತಿಗಳ ಅನಂತರ.

ಸಿ ಭಾಷೆಯಲ್ಲಿ ಒಂದು ಎಣಿಕೆಯನ್ನು ಒಂದರಷ್ಟು ತಗ್ಗಿಸಲು ಅದರ ಹಿಂದೆ ಎರಡು ಕಳೆಯುವ ಗುರುತುಗಳನ್ನೂ, ಏರಿಸಲು ಎರಡು ಕೂಡುವ ಗುರುತುಗಳನ್ನೂ ಬರೆಯುತ್ತಾರೆ. ಗುರುತಿಗೂ ಹೆಸರಿಗೂ ನಡುವೆ ಜಾಗ ಬಿಡುವವರೂ ಉಂಟು. ತಗ್ಗಿಸಬಾರದಾಗಿತ್ತು, ಏರಿಸಬೇಕಾಗಿತ್ತು ಎಂದು ಒಬ್ಬರು ಆ ಸಾಲನ್ನು ಬದಲಾಯಿಸಿದರೆ ಡಿಫ್ ಕೊಡುವುದು ಇದು:

--- ಎಣಿಕೆ;
+++ ಎಣಿಕೆ;

ಮೂರು ಗೀಟಿನ ಸಾಲು, ಅದರ ಮುಂದೆಯೇ ಮೂರು ಕೂಡುವ ಗುರುತಿನ ಸಾಲು! ಮೇಲೆ ಹೇಳಿದ ತಿದ್ದುಪಡಿ ಇಲ್ಲಿ ಮತ್ತೆ ಮೋಸಹೋಗುತ್ತದೆ. ಅದೂ ಎಂತಹ ಬದಲಾವಣೆಯಲ್ಲಿ? ಇಳಿಕೆ ಏರಿಕೆಯಾದ ಬದಲಾವಣೆಯಲ್ಲಿ. ಇನ್ನೊಂದು ಷರತ್ತು ಸೇರಿಸೋಣ, ಮೂರನೆಯ ಸಾಲು ತುಂಡಿನ ಗುರುತಾಗಿರಬೇಕೆನ್ನೋಣ ಎಂದು ತಿದ್ದಿದವರು ಹೇಳಬಹುದು. ಅದರಿಂದ ತಪ್ಪು ಅಪರೂಪವಾದೀತು, ಇಲ್ಲವಾಗದು. ಬದಲಾದ ಆ ಸಾಲುಗಳೇ ಒಂದು ತುಂಡಿನ ಕೊನೆಯವಾಗಿ, ಮರುಸಾಲಿನಲ್ಲಿ ಮತ್ತೊಂದು ತುಂಡು ಪ್ರಾರಂಭವಾದರೆ ಪುನಃ ಅದೇ ಗತಿ. ನನ್ನ ಅಭಿಪ್ರಾಯದಲ್ಲಿ ಅಪರೂಪದ ತಪ್ಪು ಪದೇ ಪದೇ ಬರುವ ತಪ್ಪಿಗಿಂತ ಕೆಟ್ಟದ್ದು. ಪದೇ ಪದೇ ಬರುವುದನ್ನು ಜನ ಕಂಡುಹಿಡಿದು ದೂರುತ್ತಾರೆ.

ಹಾಗಾದರೆ ಸರಿಯಾದ ತಿದ್ದುಪಡಿ ಯಾವುದು? ಉತ್ತರ ಡಿಫ್‌ನಲ್ಲಿಯೇ ಬರೆದಿದೆ: ತುಂಡಿನ ತಲೆಯಲ್ಲಿ ಹಳೆಯ ಸಾಲು 5, ಹೊಸ ಸಾಲು 4 ಎಂದು ಸಾರಿದೆಯಲ್ಲ, ಅದನ್ನು ನಂಬಿ ಎಣಿಸುವುದು. ಬದಲಾಗದ ಸಾಲು ಬಂದರೆ ಎರಡೂ ಎಣಿಕೆಯಲ್ಲಿ ಒಂದೊಂದು ಕಡಿಮೆ, ಹೋದ ಸಾಲು ಬಂದರೆ ಹಳೆಯದರಲ್ಲಿ ಒಂದು ಕಡಿಮೆ, ಬಂದ ಸಾಲಾದರೆ ಹೊಸದರಲ್ಲಿ ಒಂದು ಕಡಿಮೆ. ಎರಡೂ ಸೊನ್ನೆಯಾಗುವ ತನಕ ಸಾಲಿನ ಮೋರೆ ಹೇಗೇ ಇರಲಿ, ಅದು ಒಡಲಿನ ಸಾಲೇ. ನನ್ನ ತಂದೆಯವರು ಮಾರುಕಟ್ಟೆಯ ಪ್ರಾಂಗಣದಲ್ಲಿ ಹಮಾಲಿ ಮಾಡುವವರು. ಅಕ್ಷರ ಬಾರದು, ಎಣಿಕೆ ಬಲ್ಲರು. ಚೀಟಿಯಲ್ಲಿ 40 ಚೀಲ ಎಂದಿದ್ದರೆ 40 ಎಣಿಸಿದ ಮೇಲೆಯೇ ಲಾರಿಯ ಹಿಂಬಾಗಿಲನ್ನು ಹಾಕುತ್ತಾರೆ. ನಡುವೆ ಯಾವುದೋ ಚೀಲದ ಮೇಲೆ ಬೇರೆ ಅಂಗಡಿಯ ಮುದ್ರೆ ಕಂಡಿತೆಂದು ಈ ಲೋಡು ಮುಗಿಯಿತೆನ್ನುವುದಿಲ್ಲ. ಹಳೆಯ ಚೀಲಗಳನ್ನು ಮತ್ತೆ ಮತ್ತೆ ತುಂಬುವ ಊರಿನಲ್ಲಿ ಮುದ್ರೆಯನ್ನು ನಂಬುವವರುಂಟೆ? ಗಿಟ್ ಸಾಧನವು ಪ್ಯಾಚನ್ನು ಹಚ್ಚುವಾಗ ಅನುಸರಿಸುವ ಕ್ರಮವೂ ಇದೇ. ಎಣಿಕೆಗೂ ಸಾಲುಗಳಿಗೂ ಹೊಂದದಿದ್ದರೆ ಪ್ಯಾಚು ಇಂತಹ ಸಾಲಿನಲ್ಲಿ ಕೆಟ್ಟಿದೆ ಎಂದು ಹೇಳಿ ನಿಂತುಬಿಡುತ್ತದೆ. ಕೈಯಿಂದ ಪ್ಯಾಚನ್ನು ತಿದ್ದಿ ಎಣಿಕೆಯನ್ನು ಸರಿಪಡಿಸದೆ ಬಿಟ್ಟವರಿಗಾಗಿ 'ತಲೆಯ ಎಣಿಕೆಯನ್ನು ನಂಬಬೇಡ, ನೀನೇ ಮತ್ತೆ ಎಣಿಸಿಕೊ' ಎಂಬ ಬೇರೆ ಆಯ್ಕೆಯೂ ಅದರಲ್ಲಿದೆ. ಅದನ್ನು ಬಳಸುವವರು ಕೇಳಿ ಪಡೆಯಬೇಕು, ತಾನಾಗಿ ಬರುವುದಿಲ್ಲ.

ಎಣಿಸುವ ತಿದ್ದುಪಡಿಯನ್ನು ತಂದವರನ್ನೂ ಪರಿಶೀಲಕನು ಹಾಗೆಯೇ ಬಿಡುವಂತಿಲ್ಲ. ಇಲ್ಲಿ ಸಣ್ಣ ಸಣ್ಣ ಕಂದಕಗಳು ಅನೇಕ. ತುಂಡಿನಲ್ಲಿ ಒಂದೇ ಸಾಲಿದ್ದರೆ ಡಿಫ್ ಎಣಿಕೆಯನ್ನು ಬರೆಯುವುದೇ ಇಲ್ಲ: '@@ -7 +7 @@' ಎಂದಷ್ಟೇ ಇರುತ್ತದೆ. ಅಲ್ಪವಿರಾಮ ಇದ್ದೇ ಇರುತ್ತದೆಂದು ನಂಬಿದ ಪಾರ್ಸರು ಅಲ್ಲಿ ಎಡವುತ್ತದೆ. ಎಣಿಕೆ ಇಲ್ಲದ್ದನ್ನು ಸೊನ್ನೆಯೆಂದು ತಿಳಿದ ಪಾರ್ಸರು ಇನ್ನೂ ಕೆಟ್ಟದಾಗಿ ಎಡವುತ್ತದೆ. ಹೊಸದಾಗಿ ಹುಟ್ಟಿದ ಕಡತದಲ್ಲಿ '@@ -0,0 +1,3 @@' ಎಂದಿರುತ್ತದೆ. ಅಲ್ಲಿ ಹಳೆಯ ಎಣಿಕೆ ಮೊದಲೇ ಸೊನ್ನೆ. ಎರಡರಲ್ಲಿ ಒಂದು ಸೊನ್ನೆಯಾದರೆ ಸಾಕೆಂದು ನಿಲ್ಲಿಸುವವರು ಮೂರು ಸಾಲುಗಳನ್ನೂ ಕಳೆದುಕೊಳ್ಳುತ್ತಾರೆ. ಬದಲಾಗದ ಖಾಲಿ ಸಾಲಿನ ಮೊದಲಿಗೆ ಇರಬೇಕಾದ ಜಾಗವನ್ನು ಕೆಲವು ಸಾಧನಗಳು ಬಿಟ್ಟುಬಿಡುವುದರಿಂದ ಪೂರ್ತಿ ಬರಿದಾದ ಸಾಲೂ ಬರಬಹುದು; ಅದನ್ನು ಬದಲಾಗದ ಸಾಲೆಂದೇ ಎಣಿಸಬೇಕು, ಗಿಟ್ ಹಾಗೆಯೇ ಎಣಿಸುತ್ತದೆ.

ಇವೆಲ್ಲಕ್ಕಿಂತ ಸೊಗಸಾದ ಕಂದಕ ಇನ್ನೊಂದಿದೆ. ಕಡತದ ಕೊನೆಯ ಸಾಲಿನ ಮುಂದೆ ಸಾಲು ಮುಗಿದ ಗುರುತಿಲ್ಲದಿದ್ದರೆ, ಡಿಫ್ ಅದನ್ನು ಹೇಳುವುದಕ್ಕಾಗಿ ಎಡಕ್ಕೆ ವಾಲಿದ ಗೀಟಿನಿಂದ ಮೊದಲಾಗುವ ಒಂದು ಸೂಚನೆಯ ಸಾಲನ್ನು ಸೇರಿಸುತ್ತದೆ. ಅದು ಯಾವ ಎಣಿಕೆಗೂ ಸೇರದು. ಅದು ಕೊನೆಯ ಸಾಲಿನ ಅನಂತರ ಬರುವುದರಿಂದ, ಅಷ್ಟರಲ್ಲಿ ಎರಡೂ ಎಣಿಕೆಗಳು ಸೊನ್ನೆಯಾಗಿರಬಹುದು. ಸೊನ್ನೆಯಾದೊಡನೆ ಬಾಗಿಲು ಹಾಕುವ ಪಾರ್ಸರಿಗೆ ಈ ಸಾಲು ಬಾಗಿಲ ಹೊರಗೆ ಉಳಿಯಿತು. ಆಗ ಕಡತದ ಕೊನೆಯಲ್ಲಿ ಇಲ್ಲದ ಗುರುತು ಸೇರಿಹೋಗುತ್ತದೆ. ಸೊನ್ನೆಯಾದ ಮೇಲೂ ಒಂದು ಸಾಲು ಇಣಿಕಿ ನೋಡಿ ಬಾಗಿಲು ಹಾಕಬೇಕು.

ಪರಿಶೀಲಕನು ಇಷ್ಟೆಲ್ಲವನ್ನೂ ತಲೆಯಲ್ಲಿ ಹೊತ್ತು ತಿರುಗಬೇಕೆ? ಬೇಕಾಗಿಲ್ಲ. ಅದಕ್ಕಾಗಿಯೇ ತಿದ್ದುಪಡಿಯೊಡನೆ ಪರೀಕ್ಷೆಗಳನ್ನೂ ಬರೆದು ತರಬೇಕೆಂಬ ನಿಯಮವನ್ನು ಹಲವರು ಪಾಲಿಸುತ್ತಾರೆ. ಪರೀಕ್ಷೆಯೆಂದರೆ ಇಂತಹ ಡಿಫ್ ಕೊಟ್ಟರೆ ಇಂತಹ ಫಲ ಬರಬೇಕೆಂದು ಯಂತ್ರವೇ ನೋಡಿಕೊಳ್ಳುವಂತೆ ಬರೆದಿಟ್ಟ ಪುಟ್ಟ ಪ್ರೋಗ್ರಾಮು. ಆದರೆ ಪರೀಕ್ಷೆ ಇದ್ದ ಮಾತ್ರಕ್ಕೆ ಸಾಲದು. ತಿದ್ದುಪಡಿಯನ್ನು ತೆಗೆದುಹಾಕಿ, ಹಳೆಯ ಪಾರ್ಸರಿನ ಮೇಲೆ ಆ ಪರೀಕ್ಷೆಯನ್ನು ಓಡಿಸಬೇಕು. ಅಲ್ಲಿ ಅದು ಸೋಲಬೇಕು, ಹೊಸದರಲ್ಲಿ ಗೆಲ್ಲಬೇಕು. ಹಳೆಯದರಲ್ಲಿಯೂ ಗೆಲ್ಲುವ ಪರೀಕ್ಷೆ ಈ ದೋಷವನ್ನು ಮುಟ್ಟಿಯೇ ಇಲ್ಲವೆಂದು ಅರ್ಥ. ಪರಿಶೀಲನೆಯಲ್ಲಿ ಐದು ನಿಮಿಷವಷ್ಟೇ ಬಿಡುವಿರುವವರು ಬೇರೆಲ್ಲವನ್ನೂ ಬಿಟ್ಟು ಇದೊಂದನ್ನು ಮಾಡಿದರೂ ಉಪಕಾರವಾದೀತು.

ತಿದ್ದುಪಡಿ ಅರ್ಧಕ್ಕೆ ನಿಲ್ಲುವುದೆಂದರೇನೆಂಬುದಕ್ಕೆ ಪ್ಯಾಚ್ ಪ್ರೋಗ್ರಾಮಿನ ಚರಿತ್ರೆಯಲ್ಲಿಯೇ ಒಳ್ಳೆಯ ಉದಾಹರಣೆ ಇದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಗ್ನೂ ಸಂಸ್ಥೆಯ ಪ್ಯಾಚ್. ಅದರಲ್ಲಿ 'ಅನದರ್ ಹಂಕ್', ಅಂದರೆ ಮತ್ತೊಂದು ತುಂಡು, ಎಂಬ ಹೆಸರಿನ ಭಾಗವೊಂದಿದೆ. ತುಂಡುಗಳನ್ನು ಓದುವುದೇ ಅದರ ಕೆಲಸ. ಬೇಕೆಂದೇ ವಕ್ರವಾಗಿ ಬರೆದ ಪ್ಯಾಚನ್ನು ಕೊಟ್ಟರೆ ಆ ಭಾಗವು ಒಂದೇ ನೆನಪಿನ ಜಾಗವನ್ನು ಎರಡು ಸಲ ಹಿಂದಿರುಗಿಸುತ್ತದೆಂಬ ದೋಷ, ಸಾರ್ವಜನಿಕ ದೋಷಪಟ್ಟಿಯಲ್ಲಿ ಸಿವಿಇ-2018-6952 ಎಂಬ ಸಂಖ್ಯೆಯಿಂದ ದಾಖಲಾಗಿದೆ. ಗ್ರಂಥಾಲಯಕ್ಕೆ ಒಂದೇ ಪುಸ್ತಕವನ್ನು ಎರಡು ಸಲ ಹಿಂದಿರುಗಿಸಿದಂತೆ ಬರೆದುಕೊಂಡರೆ ಹೇಗೋ ಹಾಗೆ: ನಡುವೆ ಅದನ್ನು ಇನ್ನೊಬ್ಬರು ಪಡೆದಿದ್ದರೆ ಅವರ ಕೈಯಲ್ಲಿರುವ ಪುಸ್ತಕವೂ ಕಪಾಟಿನಲ್ಲಿದೆಯೆಂದೇ ಲೆಕ್ಕವಾಗುತ್ತದೆ. ಆ ದೋಷಕ್ಕೆ ತಿದ್ದುಪಡಿಯಾಯಿತು. ಆಮೇಲೆ ಅದೇ ಭಾಗದಲ್ಲಿ, ಅದೇ ಬಗೆಯ ಇನ್ನೊಂದು ದೋಷ ಸಿವಿಇ-2019-20633 ಎಂದು ದಾಖಲಾಯಿತು. ಹಿಂದಿನ ತಿದ್ದುಪಡಿ ಅಪೂರ್ಣವಾಗಿದ್ದುದರಿಂದಲೇ ಇದು ಉಳಿದಿದೆಯೆಂದು ಆ ದಾಖಲೆಯಲ್ಲಿಯೇ ಸ್ಪಷ್ಟವಾಗಿ ಬರೆದಿದ್ದಾರೆ. ಒಂದು ದಾರಿಯನ್ನು ಮುಚ್ಚಿದವರು ಅದೇ ಬಾವಿಗೆ ಹೋಗುವ ಪಕ್ಕದ ದಾರಿಯನ್ನು ನೋಡಲಿಲ್ಲ. ಯಾರನ್ನೂ ಹಳಿಯಲು ಇದನ್ನು ಹೇಳುತ್ತಿಲ್ಲ. 1985ರಿಂದ ಜಗತ್ತೆಲ್ಲ ಬಳಸುತ್ತಿರುವ ಪ್ರೋಗ್ರಾಮಿನಲ್ಲಿಯೇ ಹೀಗಾಗುವುದಾದರೆ, 'ವರದಿಯಾದ ಉದಾಹರಣೆ ಈಗ ಸರಿಯಾಗಿದೆಯೆ?' ಎಂಬ ಪ್ರಶ್ನೆಯ ಜೊತೆಗೆ 'ಇದೇ ಕಾರಣ ಬೇರೆಲ್ಲಿ ಮೈದೋರಬಹುದು?' ಎಂಬುದನ್ನೂ ಪರಿಶೀಲಕನು ಕೇಳಲೇಬೇಕಾಗುತ್ತದೆ.

ಪರಿಶೀಲಿಸಿದವರು ತಮ್ಮ ಹೆಸರನ್ನು ಬರೆಯುವ ಪದ್ಧತಿಯೂ ಉಂಟು. ಲಿನಕ್ಸ್ ಕರ್ನೆಲಿನಲ್ಲಿ ತಿದ್ದುಪಡಿಯ ಅಡಿಯಲ್ಲಿ 'ಇಂತಹವರಿಂದ ಪರಿಶೀಲಿತ' ಎಂಬ ಸಾಲು ಇರುತ್ತದೆ; ಆ ಸಾಲಿನ ಅರ್ಥವೇನೆಂಬುದನ್ನೂ ಅವರು ಬರೆದಿಟ್ಟಿದ್ದಾರೆ. ನಾನು ಇದನ್ನು ತಾಂತ್ರಿಕವಾಗಿ ಪರಿಶೀಲಿಸಿದ್ದೇನೆ, ಕಂಡ ತೊಂದರೆಗಳನ್ನು ತಿದ್ದಿದವರಿಗೆ ತಿಳಿಸಿದ್ದೇನೆ, ಅವರ ಉತ್ತರದಿಂದ ನನಗೆ ಸಮಾಧಾನವಾಗಿದೆ, ಇದು ಮಾಡತಕ್ಕ ಬದಲಾವಣೆಯೆಂದು ನಂಬಿದ್ದೇನೆ. ಆದರೂ ಇದು ತಪ್ಪದೆ ನಡೆಯುತ್ತದೆಂಬ ಭರವಸೆಯನ್ನು ನಾನು ಕೊಡುತ್ತಿಲ್ಲ ಎಂಬುದು ಅದರ ತಾತ್ಪರ್ಯ. ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಪರಿಶೀಲಕನು ಜಾಮೀನುದಾರನಲ್ಲ, ಆದರೆ ನೋಡಿದೆನೆಂದು ಹೇಳುವುದಾದರೆ ನೋಡಿರಲೇಬೇಕು. ನಾವು ಹಾಜರಿಪುಸ್ತಕದಲ್ಲಿ ಪಕ್ಕದವರ ಪರವಾಗಿ ಹೇಳುವ 'ಪ್ರೆಸೆಂಟ್ ಸರ್' ಈ ಜಾತಿಗೆ ಸೇರಿದ್ದಲ್ಲವೆಂಬುದನ್ನು ಸಹಪಾಠಿಗಳು ಗಮನಿಸಬೇಕಾಗಿ ವಿನಂತಿ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರಿಗೆ ಮುಖ್ಯವಾದ ಒಂದು ಸಂಗತಿ ಉಳಿಯಿತು. ಮೇಲಿನ ಉದಾಹರಣೆಗಳಲ್ಲಿ 'ಪಟ್ಟಿ' ಎಂಬ ಹೆಸರನ್ನು ಹಾಗೆಯೇ ಬರೆದೆ. ಗಿಟ್ ತಾನಾಗಿ ಹಾಗೆ ಬರೆಯುವುದಿಲ್ಲ. ಇಂಗ್ಲಿಷಿನ ಮೂಲ ಅಕ್ಷರಮಾಲೆಯ ಹೊರಗಿನ ಅಕ್ಷರಗಳು ಹೆಸರಿನಲ್ಲಿದ್ದರೆ, ಅದು ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟು, ಪ್ರತಿ ಬೈಟನ್ನೂ ಎಂಟರ ಮೂಲಮಾನದ ಮೂರು ಅಂಕಿಗಳಲ್ಲಿ ಬರೆಯುತ್ತದೆ. 'ಪ' ಎಂಬ ಒಂದಕ್ಷರ \340\262\252 ಎಂದಾಗುತ್ತದೆ. 'ಪಟ್ಟಿ' ನಮಗೆ ಎರಡಕ್ಷರ. ಯಂತ್ರಕ್ಕೆ ಅದು ಪಕಾರ, ಟಕಾರ, ಅರ್ಧಾಕ್ಷರದ ಗುರುತು, ಮತ್ತೊಂದು ಟಕಾರ, ಗುಡಿಸು ಎಂಬ ಐದು ಸಂಕೇತಗಳು, ಒಟ್ಟು 15 ಬೈಟುಗಳು. ಈ ಅಂಕಿಗಳನ್ನು ಬಿಡಿಸಿ ಓದಲು ಕಲಿಯದ ಪಾರ್ಸರಿಗೆ ಕನ್ನಡದ ಕಡತ ಸಿಗುವುದೇ ಇಲ್ಲ. ಇಂಗ್ಲಿಷಿನ ಹೆಸರುಗಳ ಮೇಲಷ್ಟೇ ಪರೀಕ್ಷೆ ಬರೆದವರಿಗೆ ಆ ದೋಷ ಕಾಣುವುದೂ ಇಲ್ಲ. ತಿದ್ದುಪಡಿಯನ್ನು ಪರಿಶೀಲಿಸುವಾಗ ಕನ್ನಡದ ಒಂದು ಹೆಸರನ್ನು ಪರೀಕ್ಷೆಗೆ ಸೇರಿಸಿರೆಂದು ಕೇಳುವ ಹಕ್ಕು ನಮಗಿದೆ. ನಾವು ಕೇಳದಿದ್ದರೆ ಬೇರೆಯವರಿಗೆ ಅದು ಹೊಳೆಯುವುದಾದರೂ ಹೇಗೆ? ಗಿಟ್‌ನಲ್ಲಿ ಕೋರ್ ಕೋಟ್‌ಪಾತ್ ಎಂಬ ಆಯ್ಕೆಯನ್ನು ನಿಲ್ಲಿಸಿಬಿಟ್ಟರೆ ಹೆಸರುಗಳು ಕನ್ನಡದಲ್ಲಿಯೇ ಕಾಣುತ್ತವೆ. ಆದರೆ ಹೆಸರಿನೊಳಗೆ ಉದ್ಧರಣ ಚಿಹ್ನೆಯೋ ಎಡಕ್ಕೆ ವಾಲಿದ ಗೀಟೋ ಇದ್ದರೆ ಆಗಲೂ ಅದು ಚಿಹ್ನೆಗಳ ನಡುವೆಯೇ ಬರೆಯುತ್ತದೆ. ಆದ್ದರಿಂದ ಆ ಆಯ್ಕೆಯನ್ನು ನಿಲ್ಲಿಸಿದ್ದಾರೆಂದು ಹೇಳಿ ಬಿಡಿಸಿ ಓದುವ ಭಾಗವನ್ನು ಕೈಬಿಟ್ಟ ತಿದ್ದುಪಡಿ ಬಂದರೆ ಅದನ್ನು ಹಿಂದಕ್ಕೆ ಕಳುಹಿಸಬೇಕು.